ರಟ್ಟು ಮೇಸ್ತ್ರಿ ಮತ್ತು ಅಕ್ಕನ ಕಟ್ಟೆ

ಅವನನ್ನು ಎಲ್ಲರೂ ರಟ್ಟು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬೇರೆ ಬಡಗಿಗಳು ಮರ ಕೊಯ್ಯುವ ಹೊತ್ತಿನಲ್ಲಿ ಅವನು ರಟ್ಟು ಕೊಯ್ಯುತ್ತಾ ಕೂತಿರುತ್ತಿದ್ದ. ಫ್ರಿಜ್ಜು, ವಾಷಿಂಗ್ ಮೆಷಿನ್ನು ತುಂಬಿ ಬರುವ ದೊಡ್ಡ ಪೆಟ್ಟಿಗೆಗಳನ್ನು ಅಂಗಡಿಗಳ ಹಿಂಬಾಗಿಲಲ್ಲಿ ಕೇಳಿ ತರುತ್ತಿದ್ದ. ಕಪಾಟಾಗಲಿ, ಮೇಜಾಗಲಿ, ಅಡುಗೆಕಟ್ಟೆಯಾಗಲಿ, ಮೊದಲು ರಟ್ಟಿನಲ್ಲಿ ಮಾಡಿ, ಒಳಗೆ ಹಲಗೆ ಚೂರುಗಳ ಆಸರೆ ಕೊಟ್ಟು, ಗಿರಾಕಿಯ ಮನೆಯಲ್ಲಿ ಇಟ್ಟು ಬರುತ್ತಿದ್ದ.

"ಒಂದಷ್ಟು ದಿನ ಇದರ ಜೊತೆ ಸಂಸಾರ ಮಾಡಿ. ಹೊಂದಿಕೆ ಆದ್ರೆ ಮರದ ಮಾತು," ಎನ್ನುತ್ತಿದ್ದ.

ಜನ ನಗುತ್ತಿದ್ದರು. ಮೊದಲ ದಿನ ಎಲ್ಲರೂ ಫೋಟೋಗೆ ಕೂತ ಹಾಗೆ ನೆಟ್ಟಗೆ ಕೂರುತ್ತಾರೆ. ಎರಡು ದಿನ ಕಳೆದ ಮೇಲೆ ಒಬ್ಬರು ಮೊಣಕೈ ಊರುತ್ತಾರೆ, ಇನ್ನೊಬ್ಬರು ಕಾಲು ಮಡಚುತ್ತಾರೆ, ಮತ್ತೊಬ್ಬರು ಕುರ್ಚಿಯನ್ನೇ ತಿರುಗಿಸಿಬಿಡುತ್ತಾರೆ. ಆಗ ಅವನು ಹೋಗಿ ಅಳತೆ ಹಿಡಿಯುತ್ತಿದ್ದ. ಬಾಯಿ ಸುಳ್ಳು ಹೇಳಬಹುದು, ಮಂಡಿ ಹೇಳುವುದಿಲ್ಲ ಎಂಬುದು ಅವನ ನಂಬಿಕೆ. ಹೀಗೆ ಅಳೆದು ಸುರಿದು ಕೆಲಸ ಮಾಡುವುದರಿಂದ ಅವನಿಗೆ ಗಿರಾಕಿಗಳು ಕಡಿಮೆ. ಆದರೆ ಒಮ್ಮೆ ಅವನ ಕೈಯಲ್ಲಿ ಮಾಡಿಸಿದವರು ಇನ್ನೊಬ್ಬರ ಹತ್ತಿರ ಹೋಗುತ್ತಿರಲಿಲ್ಲ.

ಒಂದು ಸಂಜೆ ಅವನ ಅಕ್ಕನ ಮಗಳು ಅವನು ಮರಗೆಲಸ ಮಾಡುವ ಕೊಟ್ಟಿಗೆಗೆ ಬಂದಳು. ಮನೆಯವರಿಗೆಲ್ಲ ಅವಳು ಇನ್ನೂ ಪುಟ್ಟಿಯೇ. ಬಟ್ಟೆ ಅಂಗಡಿಯೊಂದರಲ್ಲಿ ದಿನವಿಡೀ ನಿಂತು ಸೀರೆ, ಪರದೆ, ಹಾಸಿಗೆ ಬಟ್ಟೆ ಬಿಚ್ಚಿ ತೋರಿಸಿ ಮತ್ತೆ ಮಡಚುವ ಕೆಲಸ ಅವಳದು. ಗಂಡನ ಜೊತೆ ತಾಯಿಯ ಮನೆಯ ಮಹಡಿಯ ಮೇಲೆಯೇ ಇದ್ದಳು.

"ಮಾವ, ನಮ್ಮ ಅಡುಗೆಮನೆಗೂ ಉಗ್ರಾಣಕ್ಕೂ ನಡುವಿನ ಗೋಡೆ ಒಡೆಸ್ತಾ ಇದ್ದೀವಿ. ಮಧ್ಯದಲ್ಲಿ ಒಂದು ಕಟ್ಟೆ ಬೇಕು. ಸುತ್ತ ಕೂರೋ ಹಾಗೆ. ಐಲ್ಯಾಂಡ್ ಅಂತಾರಲ್ಲ, ಅದು," ಎಂದು ಫೋನಿನಲ್ಲಿ ಚಿತ್ರ ತೋರಿಸಿದಳು.

ಚಿತ್ರದಲ್ಲಿ ಬೆಳ್ಳನೆಯ ಕಲ್ಲಿನ ಕಟ್ಟೆ, ಅದರ ಮುಂದೆ ಕೊಕ್ಕರೆ ಕಾಲಿನ ಎತ್ತರದ ಸ್ಟೂಲುಗಳು.

"ಇದರ ಮೇಲೆ ನಿಮ್ಮಮ್ಮನ್ನ ಯಾರು ಹತ್ತಿಸೋದು? ಕ್ರೇನ್ ತರಿಸ್ತೀಯಾ?"

ಪುಟ್ಟಿ ನಗಲಿಲ್ಲ. ಮರ ಹೆರೆದ ರಂದದ ಹೊಟ್ಟನ್ನು ಬೆರಳಿಗೆ ಸುತ್ತತೊಡಗಿದಳು. ಆಮೇಲೆ ತಲೆ ಎತ್ತದೆ ಹೇಳಿದಳು: "ಡಾಕ್ಟರು ಅಮ್ಮನಿಗೆ ಇನ್ನು ನಿಂತು ಕೆಲಸ ಮಾಡಬೇಡಿ ಅಂದಿದ್ದಾರೆ, ಮಂಡಿ ಸವೆದಿದೆಯಂತೆ. ಅದೂ ಒಂದು ಕಾರಣ. ಆದ್ರೆ ನಂಗೆ ಇನ್ನೊಂದು ಕಾರಣ ಇದೆ ಮಾವ. ಅಮ್ಮನ ಮುಖ ನೋಡ್ಕೊಂಡು ಒಂದು ಮಾತು ಕೇಳಬೇಕು."

ಹಿಂದಿನ ವರ್ಷ ಪುಟ್ಟಿಗೆ ಐದು ತಿಂಗಳಾಗಿದ್ದಾಗ ಹೊಟ್ಟೆಯಲ್ಲಿದ್ದ ಕೂಸು ಹೋಗಿತ್ತು. ಅದು ಮೇಸ್ತ್ರಿಗೂ ಗೊತ್ತಿತ್ತು. ಅವನಿಗೆ ಗೊತ್ತಿಲ್ಲದ್ದನ್ನು ಅವಳು ಈಗ ಹೇಳಿದಳು. ಅದಕ್ಕೆ ಮುಂಚೆ ಅಮ್ಮ "ರಜ ಹಾಕು" ಎಂದು ಒಮ್ಮೆ ಹೇಳಿದ್ದಳು, ತಾನು ಹಾಕಲಿಲ್ಲ. ಆಮೇಲೆ ಅಮ್ಮ ಹಾಲು ಕಾಯಿಸಿಕೊಟ್ಟಳು, ತಲೆಗೆ ನೀರು ಹಾಕಿದಳು, ಬಟ್ಟೆ ಒಗೆದಳು. ಆದರೆ ಆ ವಿಷಯ ಮಾತ್ರ ಇವತ್ತಿನವರೆಗೂ ಎತ್ತಿಲ್ಲ.

"ಸದಾ ಗೋಡೆ ಕಡೆ ಮುಖ ಮಾಡ್ಕೊಂಡು ನಿಂತಿರ್ತಾಳೆ. ಬೆನ್ನಿಗೆ ಕೇಳೋ ಮಾತಾ ಅದು? ನಂದೇ ತಪ್ಪು ಅಂತ ಅಮ್ಮ ಅಂದ್ಕೊಂಡಿದ್ದಾಳಾ, ಇಲ್ವಾ... ಅಷ್ಟು ಗೊತ್ತಾದ್ರೆ ಸಾಕು ನಂಗೆ."

ಮೇಸ್ತ್ರಿ ಕೈಲಿದ್ದ ಅಳತೆಪಟ್ಟಿ ಕೆಳಗಿಟ್ಟ. "ಕಟ್ಟೆ ಮಾಡಿಕೊಡ್ತೀನಿ ಪುಟ್ಟಿ. ಎದುರಾಬದುರಾ ಕೂರೋ ಹಾಗೇ ಮಾಡ್ತೀನಿ," ಎಂದುಬಿಟ್ಟ. ಅಳೆಯದೆ ಮಾತು ಕೊಟ್ಟದ್ದು ಅವನ ಜನ್ಮದಲ್ಲಿ ಅದೇ ಮೊದಲಿರಬೇಕು.

ಅವನನ್ನು ಸಾಕಿದವಳು ಅಕ್ಕ. ತಾಯಿ ತೀರಿಕೊಂಡಾಗ ಅವನು ಇನ್ನೂ ಚಿಕ್ಕವನು. ಅಕ್ಕ ಲಂಗದ ವಯಸ್ಸಿನಲ್ಲೇ ಒಲೆಯ ಮುಂದೆ ನಿಂತಳು. ಅವನ ನೆನಪಿನಲ್ಲಿ ಅಕ್ಕನೆಂದರೆ ಮುಖಕ್ಕಿಂತ ಮೊದಲು ಬೆನ್ನೇ. ಆ ಬೆನ್ನಿನ ಮೇಲೆ ಒಂದು ಜಡೆ, ಎಡಭುಜದ ಮೇಲೆ ಒಂದು ಕೈವಸ್ತ್ರ. ಅಕ್ಕನ ಮನಸ್ಸು ಹೇಗಿದೆ ಎಂಬುದು ಭುಜ ನೋಡಿದರೇ ತಿಳಿಯುತ್ತಿತ್ತು. ಅವನಿಗೆ ಓದು ತಲೆಗೆ ಹತ್ತಲಿಲ್ಲ. ಶಾಲೆಗೆ ಹೋಗುವುದೇ ಬೇಡವಾಗಿತ್ತು. ಅದನ್ನು ಹೇಳಲು ಬಾಯಿ ಬರದೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದ ಒಂದು ಬೆಳಿಗ್ಗೆ, ಅಕ್ಕ ಈರುಳ್ಳಿ ಹೆಚ್ಚುತ್ತಾ, ತಿರುಗದೆಯೇ, "ನಾಳೆಯಿಂದ ಹೋಗಬೇಡ ಬಿಡೋ. ಮೂಲೆಮನೆ ಬಡಗಿ ಹತ್ತಿರ ಮಾತಾಡಿದ್ದೀನಿ," ಎಂದಿದ್ದಳು. ಅವನು ಮದುವೆಯಾಗಬೇಕೆಂದಿದ್ದ ಹುಡುಗಿಯ ವಿಷಯ ಹೇಳಿದ್ದೂ ಆ ಬೆನ್ನಿಗೇ. "ಮೊದಲು ಕರ್ಕೊಂಡು ಬಾ, ನೋಡೋಣ ನಿನ್ನ ಸಹಿಸ್ಕೊಳ್ತಾಳಾ ಅಂತ," ಎಂದು ಬೆನ್ನೇ ಉತ್ತರ ಕೊಟ್ಟಿತ್ತು.

ಗೋಡೆ ಒಡೆದು, ಧೂಳು ಇಳಿದ ಮೇಲೆ ಮೇಸ್ತ್ರಿ ರಟ್ಟು ಹೊತ್ತು ಅಕ್ಕನ ಮನೆಗೆ ಹೋದ. ಬಾಗಿಲು ತೆರೆದವನು ಬಾವ. ಬಸ್ಸು ಓಡಿಸಿ ನಿವೃತ್ತನಾದವನು. ಈಗ ಓಡಿಸಲು ಬಾಯಿ ಒಂದೇ ಉಳಿದಿತ್ತು.

"ಬನ್ನಿ ಮೇಸ್ತ್ರಿಗಳೇ, ಬನ್ನಿ! ನಮ್ಮನೇಲಿ ದ್ವೀಪ ಕಟ್ತೀರಂತೆ. ನಂಗೆ ಈಜು ಬರಲ್ಲಪ್ಪ, ಊಟಕ್ಕೆ ದೋಣಿ ವ್ಯವಸ್ಥೆ ಮಾಡಿ."

"ನಿಮಗೆ ದಡದಲ್ಲೇ ತಟ್ಟೆ ಹಾಕಿಸ್ತೀನಿ ಬಾವ."

ಅಡುಗೆಮನೆ ಉದ್ದಕ್ಕಿತ್ತು. ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಹಳೆಯ ಕಟ್ಟೆ ಎಲ್ಲ ಗೋಡೆಗೆ ಅಂಟಿಕೊಂಡು ಹಾಗೆಯೇ ಉಳಿಯಬೇಕು. ಒಂದು ಪಕ್ಕದಲ್ಲಿ ಹಿತ್ತಲಿನ ಕಡೆಗೆ ಅಗಲವಾದ ಕಿಟಕಿ. ನಡುವೆ ಖಾಲಿಯಾದ ಜಾಗದಲ್ಲಿ ಹೊಸ ಕಟ್ಟೆ. ಪುಟ್ಟಿ ತೋರಿಸಿದ ಚಿತ್ರದಷ್ಟು ದೊಡ್ಡದು ಇಟ್ಟರೆ ಮೂಗಿಗಿಂತ ಮೂಗುತಿ ಭಾರ. ಫ್ರಿಜ್ಜಿನ ಬಾಗಿಲು ತೆರೆದಾಗ ಇನ್ನೊಬ್ಬರು ಹಿಂದಿನಿಂದ ಹಾಯಲು ದಾರಿ ಬೇಕಲ್ಲ. ಅವನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬಾವನನ್ನು ಅತ್ತಿಂದಿತ್ತ ನಡೆಸಿದ.

"ಈಗ ಫ್ರಿಜ್ಜು ತೆಗೀರಿ. ಈಗ ಬಗ್ಗಿ. ಈಗ ಪಾತ್ರೆ ಹಿಡ್ಕೊಂಡು ತಿರುಗಿ."

"ಇಷ್ಟು ಕೆಲಸ ನಾನು ಮದುವೆಯಾದಾಗಿನಿಂದ ಈ ಮನೇಲಿ ಮಾಡಿಲ್ಲ," ಎಂದ ಬಾವ ಏದುಸಿರು ಬಿಡುತ್ತಾ.

"ಗೊತ್ತು ಗೊತ್ತು. ಅದಕ್ಕೇ ಸಾಕ್ಷಿ ಇಟ್ಕೊಂಡು ಮಾಡಿಸ್ತಿದ್ದಾನೆ," ಎಂದಳು ಒಲೆಯ ಮುಂದಿದ್ದ ಅಕ್ಕ, ತಿರುಗದೆ.

ಎತ್ತರದ ಸ್ಟೂಲಿನ ಆಸೆಯನ್ನು ಪುಟ್ಟಿಯೇ ಬಿಟ್ಟಳು. ಅಕ್ಕನ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ತಗ್ಗಿನ ಆಸನ, ಬೆನ್ನಿಗೆ ಒರಗು, ಏಳುವಾಗ ಊರಲು ಎರಡು ಕೈ. ಅದಕ್ಕೆ ಸರಿಯಾಗಿ ಕಟ್ಟೆಯೂ ಊಟದ ಮೇಜಿನ ಎತ್ತರಕ್ಕೆ ಇಳಿಯಿತು. ಕೂತವರ ಮೊಣಕಾಲು ಒಳಗೆ ಹೋಗಲು ಮೇಲಿನ ಹಲಗೆ ಒಂದು ಗೇಣು ಮುಂದಕ್ಕೆ ಚಾಚಿತು. ಅಕ್ಕನ ಆಸನ ಒಂದು ಬದಿಗೆ, ಪುಟ್ಟಿಯದು ಎದುರು ಬದಿಗೆ. ನಡುವೆ ಕೈಗೆ ಕೈ ಸಿಗುವಷ್ಟೇ ಅಗಲ. ಮೇಸ್ತ್ರಿ ರಟ್ಟಿನ ಕಟ್ಟೆ ನಿಲ್ಲಿಸಿ, ಮೇಲೊಂದು ತೆಳು ಹಲಗೆ ಹಾಸಿ, ಅಕ್ಕನನ್ನು ಕೈಹಿಡಿದು ಕೂರಿಸಿದ.

"ಹೇಗಿದೆ ಅಕ್ಕ?"

"ಚೆನ್ನಾಗಿದೆ ಕಣೋ," ಎಂದಳು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಮೊದಲ ದಿನ ಎಲ್ಲರೂ ಹಾಗೆಯೇ ಎಂದುಕೊಂಡು ಅವನು ಹೊರಟ.

ಮೂರು ದಿನ ಬಿಟ್ಟು ಬಂದಾಗಲೂ ಅಕ್ಕ ಹಾಗೆಯೇ ಕೂತಿದ್ದಳು. ಮುಂದೆ ಬಟಾಣಿಕಾಯಿ ರಾಶಿ, ಎದುರಿಗೆ ಪುಟ್ಟಿ. ಅಕ್ಕನ ಕಣ್ಣು ಬಟ್ಟಲು ಬಿಟ್ಟು ಮೇಲೇಳುತ್ತಿರಲಿಲ್ಲ. ಬಾವ ಮೇಸ್ತ್ರಿಯನ್ನು ಪಡಸಾಲೆಗೆ ಎಳೆದುಕೊಂಡು ಹೋದ.

"ಏನಯ್ಯಾ ಮಾಡಿದೆ ನಿಮ್ಮಕ್ಕನ್ನ? ಟಿವಿಯಲ್ಲಿ ವಾರ್ತೆ ಓದೋರ ಹಾಗೆ ಕೂತಿರ್ತಾಳೆ. ವಾರ್ತೆ ಮಾತ್ರ ಬರಲ್ಲ. ಇಷ್ಟು ವರ್ಷ ಬೈಸಿಕೊಂಡೇ ಊಟ ಮಾಡಿದೋನು ನಾನು. ಈಗ ತುತ್ತು ಇಳೀತಿಲ್ಲ."

ಮೇಸ್ತ್ರಿ ಬಡಗಿ. ಬಡಗಿಗೆ ಯಾವ ನೋವು ಕಂಡರೂ ಅದು ಆಸನದ ನೋವೇ. ಕೂರುವ ಹಲಗೆ ಗಟ್ಟಿಯಾಯಿತೇನೋ ಎಂದು ದಿಂಬು ಹಾಕಿದ. ಆಮೇಲೆ ದಿಂಬಿನಿಂದ ಎತ್ತರವಾಯಿತೇನೋ ಎಂದು ಕಾಲು ಕೊಯ್ದ. ಒರಗು ಹಿಂದಾಯಿತೆಂದು ಮುಂದೆ ತಂದ. ಅಕ್ಕ ಒಂದೊಂದಕ್ಕೂ "ಚೆನ್ನಾಗಿದೆ ಕಣೋ" ಎಂದಳು. ಆ ಮಾತು ಕೇಳಿದಷ್ಟೂ ಅವನಿಗೆ ಗಾಬರಿಯಾಗುತ್ತಿತ್ತು. ಅಕ್ಕ ಅವನ ಕೆಲಸವನ್ನು ಹೊಗಳಿದ ಇತಿಹಾಸವೇ ಇರಲಿಲ್ಲ.

ಆ ಭಾನುವಾರ ಪುಟ್ಟಿ ಅವನ ಕೊಟ್ಟಿಗೆಗೆ ಮತ್ತೆ ಬಂದಳು. ಕಣ್ಣು ಕೆಂಪಾಗಿತ್ತು.

"ಕೇಳೋಕೆ ಹೋದೆ ಮಾವ. 'ಅಮ್ಮಾ, ಹೋದ ವರ್ಷ' ಅಂದೆ, ಅಷ್ಟೇ. ಹಾಲು ಉಕ್ಕುತ್ತೆ ಅಂತ ಎದ್ದು ಹೋದ್ಲು. ಒಲೆ ಮೇಲೆ ಹಾಲೇ ಇರ್ಲಿಲ್ಲ." ಮೂಗು ಒರೆಸಿಕೊಂಡು ಹೇಳಿದಳು: "ನಂಗೆ ಉತ್ತರ ಸಿಕ್ತು ಬಿಡಿ. ನನ್ನ ಮುಖ ನೋಡೋಕೂ ಇಷ್ಟ ಇಲ್ಲ ಅವಳಿಗೆ. ಕಟ್ಟೆ ಬೇಡ, ರಟ್ಟು ಎತ್ಕೊಂಡು ಹೋಗಿ."

"ಪುಟ್ಟಿ, ನಿಮ್ಮಮ್ಮ ಹಾಗಲ್ಲ," ಎಂದ.

ಮಾರನೆಯ ದಿನ ಪುಟ್ಟಿ ಅಂಗಡಿಗೆ ಹೋದ ಮೇಲೆ ಅವನು ರಟ್ಟು ಬಿಚ್ಚಲೆಂದು ಬಂದ. ಅಕ್ಕ ಡಾಕ್ಟರ ಮಾತು ಮೀರಿ ಹಳೆಯ ಕಟ್ಟೆಯ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಳು. ಅವನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟನೋ ಇಲ್ಲವೋ, ಆ ಬೆನ್ನು ಮಾತಾಡತೊಡಗಿತು.

"ಬಂದ್ಯಾ? ಆ ದಿಂಬು ತೆಗೆದು ಬಿಸಾಕು. ಅದರ ಮೇಲೆ ಕೂತ್ರೆ ಬಾತುಕೋಳಿ ಕಾವು ಕೂತ ಹಾಗಿರುತ್ತೆ. ಚಹಾ ಬೇಕಾ? ಹೆಂಡತಿ ತಲೆನೋವು ಹೋಯ್ತಾ?" ಲೋಟವೊಂದನ್ನು ತಿಕ್ಕಿದ್ದನ್ನೇ ತಿಕ್ಕುತ್ತಾ, "ನಮ್ಮ ಪುಟ್ಟಿ ನಿನ್ನ ಹತ್ತಿರ ಏನಾದ್ರೂ ಹೇಳ್ಕೊಂಡ್ಲಾ?" ಎಂದಳು.

ಒಂದು ವಾರದಿಂದ ಬಾಯಿಗೆ ಬೀಗ ಬಿದ್ದಿದ್ದ ಅಕ್ಕ ಇವಳೇನಾ ಎಂದು ಅವನು ನಿಂತಲ್ಲೇ ನಿಂತ.

"ಅವಳ ಎದುರು ಕೂರೋಕೆ ನನ್ನಿಂದಾಗಲ್ಲ ಕಣೋ. ಮುಖ ನೋಡಿದ್ರೆ ಆಸ್ಪತ್ರೆಯಲ್ಲಿ ಮಲಗಿದ್ದು ಕಣ್ಣಿಗೆ ಬರುತ್ತೆ. ಅಳು ಒತ್ತಿಕೊಂಡು ಬರುತ್ತೆ. ನಾನೇ ಅತ್ತುಬಿಟ್ರೆ ಅವಳಿಗೆ ಧೈರ್ಯ ಹೇಳೋರು ಯಾರು? ಇಲ್ಲಿ ನಿಂತಿದ್ರೆ ಅತ್ರೂ ಗೋಡೆಗೆ ಮಾತ್ರ ಗೊತ್ತಾಗುತ್ತೆ."

ಮೇಸ್ತ್ರಿ ರಟ್ಟಿನ ಕಟ್ಟೆಯ ಅಂಚು ಹಿಡಿದುಕೊಂಡ. ಅಕ್ಕ ತನ್ನ ಎಲ್ಲ ಪ್ರೀತಿಯ ಮಾತನ್ನೂ ಬೆನ್ನು ತಿರುಗಿಸಿಕೊಂಡೇ ಆಡಿದ್ದು ಯಾಕೆಂದು ಅವನಿಗೆ ಇಷ್ಟು ವಯಸ್ಸಾದ ಮೇಲೆ ಹೊಳೆಯಿತು. ತನ್ನನ್ನು ಶಾಲೆ ಬಿಡಿಸಿದ ಬೆಳಿಗ್ಗೆ ಅವಳು ಹೆಚ್ಚುತ್ತಿದ್ದ ಈರುಳ್ಳಿಯ ನೆನಪೂ ಆಯಿತು. ಎಲ್ಲರ ಅಳತೆಯನ್ನೂ ಹಿಡಿಯುವ ತಾನು, ಇಷ್ಟು ನಾಚಿಕೆಯ ಅಕ್ಕನನ್ನು ಕೋರ್ಟಿನ ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಮಗಳ ಎದುರು ಕೂರಿಸಿದ್ದೆನಲ್ಲ!

ಓಡಿಹೋಗಿ ಪುಟ್ಟಿಗೆ ಹೇಳಿಬಿಡಲೇ ಎನಿಸಿತು. ಆದರೆ ಅದು ತನ್ನ ಬಾಯಿಂದ ಹೋಗುವ ಮಾತಲ್ಲ. ತಾನು ಹೇಳಿದರೆ ಅದು ಸುದ್ದಿಯಾಗುತ್ತದೆ. ಅಕ್ಕ ಹೇಳಿದರೆ ಮಾತ್ರ ಉತ್ತರವಾಗುತ್ತದೆ. ಅವನ ಕೈಯಲ್ಲಿದ್ದದ್ದು ರಟ್ಟು, ಕತ್ತಿ, ಅಂಟುಪಟ್ಟಿ ಅಷ್ಟೇ.

ರಟ್ಟು ಬಿಚ್ಚಲು ಬಂದವನು ಬಿಚ್ಚಲಿಲ್ಲ. ಕಟ್ಟೆಯ ಒಂದು ಕೊನೆಯನ್ನು ಕೊಯ್ದು ಕಿಟಕಿಯ ಕಡೆಗೆ ತಿರುಗಿಸಿದ. ಎರಡು ಆಸನಗಳೂ ಈಗ ಒಂದೇ ಮೂಲೆಗೆ ಬಂದವು, ಅದರ ಎರಡು ಮಗ್ಗುಲಿಗೆ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ. ಕೂತವರಿಬ್ಬರ ಕಣ್ಣೂ ಕಿಟಕಿಯಾಚೆ, ಹಿತ್ತಲ ಹಗ್ಗದ ಮೇಲೆ ಒಣಗುವ ಬಟ್ಟೆಗಳ ಕಡೆಗೆ ಹೋಗುತ್ತವೆ. ಒಬ್ಬರ ಕೈ ಇನ್ನೊಬ್ಬರಿಗೆ ಕಾಣುತ್ತದೆ. ಮುಖ ಬೇಕೆಂದರೆ ಕತ್ತು ತಿರುಗಿಸಬೇಕು, ಬೇಡವೆಂದರೆ ಬೇಡ.

ಸಂಜೆ ಪುಟ್ಟಿ ಬಂದು ನೋಡಿ ಮುಖ ಸಣ್ಣ ಮಾಡಿದಳು. "ಬೇಡ ಅಂದಿದ್ನಲ್ಲ ಮಾವ. ಅದೂ ಅಲ್ದೆ ಹೀಗೆ ಕೂತ್ರೆ ಅಮ್ಮನ ಮುಖಾನೇ ಕಾಣಲ್ಲ."

"ಒಂದು ಸಲ ಕೂತು ನೋಡು. ರಟ್ಟು ತಾನೇ? ಹಿಡಿಸದಿದ್ರೆ ಹರಿದು ಬಿಸಾಕ್ತೀನಿ."

ಅಕ್ಕ ಬಟಾಣಿಯ ಬುಟ್ಟಿ ತಂದು ತನ್ನ ಜಾಗದಲ್ಲಿ ಕೂತಳು. ಪುಟ್ಟಿ ಒಲ್ಲದ ಮನಸ್ಸಿನಿಂದ ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ಮೇಲಿನ ಹಲಗೆ ಒಂದು ಕಡೆ ಜಗ್ಗಿತು. ಅವಸರದಲ್ಲಿ ಮೂಲೆಗೆ ಆಸರೆ ಕೊಡುವುದನ್ನೇ ಮೇಸ್ತ್ರಿ ಮರೆತಿದ್ದ. "ಏಳಬೇಡಿ, ಏಳಬೇಡಿ," ಎನ್ನುತ್ತಾ ಅವನು ಕಟ್ಟೆಯ ಕೆಳಗೆ ತೂರಿ, ಬೆನ್ನ ಮೇಲೆ ಮಲಗಿ, ಹಲಗೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಅಂಟುಪಟ್ಟಿ ಹುಡುಕಿದ. ಅದು ಮೇಲೆಯೇ ಉಳಿದಿತ್ತು.

ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮೇಲಿನಿಂದ ಅಕ್ಕನ ದನಿ ಬಂತು.

"ಸಿಪ್ಪೆ ಜೊತೆ ಕಾಳೂ ಹಾಕ್ತಿದ್ದೀಯಲ್ಲೇ. ಗಮನ ಎಲ್ಲಿದೆ?"

ಕಾಯಿ ಒಡೆಯುವ ಟಪ್ ಟಪ್ ಸದ್ದು. ಅಕ್ಕ ಹಗ್ಗದ ಮೇಲಿನ ಯಾವುದೋ ಬಟ್ಟೆಯ ಬಣ್ಣ ಬಿಟ್ಟಿದ್ದರ ಬಗ್ಗೆ ಗೊಣಗಿದಳು. ಪಕ್ಕದ ಮನೆಯ ಬೆಕ್ಕನ್ನು ಬೈದಳು. ಅಕ್ಕನ ಮಾತು ಅದರ ಹಳೆಯ ದಾರಿ ಹಿಡಿದಿತ್ತು. ಸ್ವಲ್ಪ ಹೊತ್ತಿನ ಮೇಲೆ ಪುಟ್ಟಿಯ ದನಿ, ತೀರ ಸಣ್ಣಗೆ:

"ಅಮ್ಮಾ. ನಾನು ರಜ ಹಾಕ್ಲಿಲ್ಲ ಅಂತ ನಿಂಗೆ ಕೋಪಾನಾ?"

ಟಪ್ ಟಪ್ ಸದ್ದು ನಿಂತಿತು. ಅಕ್ಕ ಈಗ ಎದ್ದರೆ ಮುಗಿಯಿತು. ಮೇಸ್ತ್ರಿಯ ಮುಖದ ಪಕ್ಕದಲ್ಲೇ ಅಕ್ಕನ ಎರಡು ಪಾದಗಳಿದ್ದವು. ಅವು ನೆಲಕ್ಕೆ ಪೂರ್ತಿ ಊರಿದ್ದವು. ಅಲುಗಲಿಲ್ಲ.

ಮತ್ತೆ ಟಪ್ ಎಂದಿತು.

"ಆವತ್ತು ನಿನ್ನ ಕಾಲು ಊದಿತ್ತು. ಅದಕ್ಕೆ ರಜ ಹಾಕು ಅಂದೆ. ಅಷ್ಟೇ ಕಣೆ."

"ನಿಂತು ನಿಂತೇ ಹೀಗಾಯ್ತು ಅಂತ..."

"ಯಾರು ಅಂದ್ರು? ನೀನು ಹೊಟ್ಟೇಲಿದ್ದಾಗ ನಾನು ಎಷ್ಟು ನಿಂತಿದ್ದೆ ಗೊತ್ತಾ? ಈ ಒಲೆ ಮುಂದೇನೇ. ನೋವು ಶುರುವಾದಾಗ್ಲೂ ಕೈಯಲ್ಲಿ ಸೌಟಿತ್ತು, ನಿಮ್ಮಪ್ಪನ್ನ ಕೇಳು. ನಿಂತಿದ್ದಕ್ಕೇ ಹೋಗೋ ಹಾಗಿದ್ರೆ ನೀನೇ ಇರ್ತಿರಲಿಲ್ಲ." ದನಿ ಅಲ್ಲಿ ಒಡೆಯಿತು. ಆದರೆ ನಿಲ್ಲಲಿಲ್ಲ. "ಅದಕ್ಕೆ ಇರೋ ಭಾಗ್ಯ ಅಷ್ಟೇ ಇತ್ತು. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ."

"ಮತ್ತೆ ಯಾಕಮ್ಮ ಒಂದು ಮಾತೂ ಆಡ್ಲಿಲ್ಲ?"

"ಆಡೋಕೆ ಬಂದ್ರೆ ಅಳು ಬರ್ತಿತ್ತು."

"ಬಂದಿದ್ರೆ ಏನಾಗ್ತಿತ್ತು? ಇಬ್ರೂ ಅಳಬಹುದಿತ್ತಲ್ಲ."

ಅಕ್ಕ ಇನ್ನೂ ಒಂದು ಕಾಯಿ ಒಡೆದಳು. ಆಮೇಲೆ, "ಅದು ನಂಗೆ ಹೊಳೀಲೇ ಇಲ್ಲ ನೋಡು," ಎಂದಳು.

ಕುರ್ಚಿ ಸರಿದ ಸದ್ದಾಯಿತು. ಪುಟ್ಟಿಯ ಪಾದಗಳು ಅಕ್ಕನ ಪಾದಗಳ ಪಕ್ಕಕ್ಕೆ ಬಂದು ನಿಂತವು. ಮೇಲೆ ಯಾರು ಯಾರ ಭುಜಕ್ಕೆ ಒರಗಿದರೋ ಅವನಿಗೆ ಕಾಣಲಿಲ್ಲ. ಇಬ್ಬರ ಅಳುವೂ ಕೇಳಿಸಿತು, ಒಂದು ದೊಡ್ಡದು, ಒಂದು ಸಣ್ಣದು.

ಪಡಸಾಲೆಯಿಂದ ಬಾವ, "ಲೇ, ಮೇಸ್ತ್ರಿ ಎಲ್ಲಿ ಹೋದ?" ಎನ್ನುತ್ತಾ ಬಂದವನು ಬಾಗಿಲಲ್ಲೇ ನಿಂತ. ತಾಯಿ ಮಗಳನ್ನು ನೋಡಿದ; ಕಟ್ಟೆಯ ಕೆಳಗಿನಿಂದ ಚಾಚಿದ್ದ ಭಾವಮೈದುನನ ಕಾಲುಗಳನ್ನೂ ನೋಡಿದ. ಜನ್ಮದಲ್ಲಿ ಮೊದಲ ಸಲ ಏನೂ ಹೇಳದೆ, ತುದಿಗಾಲಲ್ಲಿ ಹಿಂದಕ್ಕೆ ಹೋದ.

ಮೇಸ್ತ್ರಿಯ ಕೈ ಜೋಮು ಹಿಡಿದು ಹಲಗೆ ನಡುಗತೊಡಗಿತ್ತು. ಮೂಗು ಎಳೆಯುತ್ತಾ ಅಕ್ಕ, "ಕೆಳಗಿರೋನೇ, ಸಾಕು ಹೊರಗೆ ಬಾರೋ. ಕೈ ಬಿದ್ದು ಹೋಗುತ್ತೆ," ಎಂದಳು.

"ಅಯ್ಯೋ, ಮಾವ!" ಎಂದು ಪುಟ್ಟಿ ಅಳುವಿನ ನಡುವೆಯೇ ನಕ್ಕುಬಿಟ್ಟಳು. "ಅಮ್ಮಾ, ಅವರಿರೋದು ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಎತ್ತಿ ಆಡಿಸಿದೋಳು ನಾನು."

"ಬರ್ತೀನಿ ಅಕ್ಕ," ಎಂದ ಮೇಸ್ತ್ರಿ. ಅವನ ಎರಡೂ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು; ಒರೆಸಿಕೊಳ್ಳೋಣವೆಂದರೆ ಒಂದು ಕೈ ಹಲಗೆಯಲ್ಲಿ, ಇನ್ನೊಂದು ಧೂಳಿನಲ್ಲಿ. "ಇನ್ನೊಂದು ಸ್ವಲ್ಪ ಹೊತ್ತು ಹಿಡ್ಕೊಂಡಿರ್ತೀನಿ."

ಅಕ್ಕನಿಗೆ ಅರ್ಥವಾಯಿತು. ಬಗ್ಗಿ ನೋಡಲಿಲ್ಲ. "ಇರು ಹಾಗಾದ್ರೆ," ಎಂದು, ಬಿಡಿಸಿದ ಬಟಾಣಿ ಒಂದು ಹಿಡಿ ತೆಗೆದು, ಕಟ್ಟೆಯ ಅಂಚಿನಿಂದ ಕೈ ಕೆಳಗೆ ಚಾಚಿದಳು.